ಮದುವೆಯಂದಿನಿಂದ ತಡೆಯದ ಕಾವಲು

ದಂತವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಕುಳಿತಿದ್ದವರು ಅತ್ತಿಗೆ ಮತ್ತು ಮೈದುನ. ಇಬ್ಬರದೂ ಸರ್ವರ್ ನೋಡಿಕೊಳ್ಳುವ ಕೆಲಸವೆಂದು ಮಾತಿನಿಂದಲೇ ತಿಳಿಯಿತು. ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಅವಳ ಮಗಳು ಅಲುಗಾಡುವ ಹಾಲುಹಲ್ಲನ್ನು ನಾಲಿಗೆಯಿಂದ ತಳ್ಳುತ್ತಿದ್ದಳು.

“ಜೋಡಿ ಸರ್ವರ್ ಅತ್ತಿಗೆ. ಬೆಳಿಗ್ಗೆ ಮೊದಲನೇದು ಕೆಟ್ಟು, ಕೆಲಸ ಎರಡನೇದಕ್ಕೆ ಹೋಯ್ತು. ಅದು ರಿಪೋರ್ಟ್ ಫೈಲ್ ತೆಗೆಯೋಕೇ ಬಿಡ್ತಿಲ್ಲ. ಆಸ್ಪತ್ರೆಯವರು ರಕ್ತದ ರಿಪೋರ್ಟಿಗೆ ಕಾಯ್ತಿದಾರೆ.”

“ಪರ್ಮಿಷನ್ ನೋಡಿದ್ಯಾ?”

“ಎಲ್ಲಾ ಸರಿ ಇದೆ. ತಡೀತಿರೋದು ಅದರ ಮೇಲೆ ಲೇಬಲ್ ನೋಡಿ ಬಿಡೋ ಇನ್ನೊಂದು ಕಾವಲು. ಫೈಲಿನ ಲೇಬಲ್ ತಪ್ಪಂತೆ.”

“ಅದೇ ಫೈಲನ್ನ ಮೊದಲನೇದು ಹೇಗೆ ಬಿಡ್ತಿತ್ತು?”



“ಅಲ್ಲಿ ಕಾವಲನ್ನ, ತಪ್ಪು ಕಂಡ್ರೂ ತಡೀಬೇಡ, ಲಾಗ್‌ನಲ್ಲಿ ಬರ್ಕೊಂಡು ಬಿಟ್ಬಿಡು ಅಂತ ಇಟ್ಟಿದ್ದೆ. ಒಂದಿನದ ಮಟ್ಟಿಗೆ.”

“ಯಾವತ್ತು?”

“ನಿಮ್ಮ ಮದುವೆಗೆ ಹೊರಡೋ ಗಡಿಬಿಡೀಲಿ.”

ಅತ್ತಿಗೆ ಮಗಳ ಹಲ್ಲನ್ನೊಮ್ಮೆ ನೋಡಿದಳು.

“ಎರಡನೇದರಲ್ಲೂ ಹಾಗೇ ಮಾಡ್ಲಾ?” ಎಂದ ಅವನು.

“ತೆಪ್ಪಗೆ ಲೇಬಲ್ ಸರಿ ಮಾಡು.”

ಅವನು ಟೈಪು ಮಾಡಿದ. “ತೆರೀತು. ರಿಪೋರ್ಟ್ ಹೋಗ್ತಿವೆ.”

ಒಳಗಿಂದ ಮಗುವನ್ನು ಕರೆದರು.

“ಸಂಜೆ ಮೊದಲನೇದು ರಿಪೇರಿ ಆದ್ಮೇಲೆ ಕಾವಲು ಬಿಗಿ ಮಾಡಿದ್ರೆ, ಇನ್ನೇನೇನು ತಡೆಯುತ್ತೋ. ಹೇಗೆ ಗೊತ್ತಾಗ್ಬೇಕು ಅತ್ತಿಗೆ?”

“ಅದು ನನ್ನ ಮದುವೆಯಿಂದ ಎಲ್ಲಾ ಬರ್ಕೊಂಡೇ ಕೂತಿದೆಯಲ್ಲ,” ಎನ್ನುತ್ತಾ ಅವಳು ಮಗಳ ಕೈ ಹಿಡಿದು ಎದ್ದಳು. “ಇವತ್ತಾದ್ರೂ ಓದು.”