ಎರರ್ ನಾಲ್ಕು

ರಾತ್ರಿ ಎಂಟೂವರೆ ಇರಬಹುದು. ನಮ್ಮ ದೊಡ್ಡಪ್ಪನ ಮಗಳು ಸಭಾಂಗಣದ ಹಿಂದಿನ ಹಾಳು ಬಾವಿ ದಾಟಿ ಬರ್ತಾ ಇದ್ದಳು. ಆ ದಾರೀಲಿ ಗಂಡಸರೇ ಜೀವ ಕೈಯಲ್ಲಿ ಹಿಡ್ಕೊಂಡು ನಡೀತಾರೆ. ಇವಳು ಅವತ್ತು ಬಾವಿ ಕಡೆ ತಿರುಗಿಯೂ ನೋಡಲಿಲ್ಲ. ಬಾವಿಯಲ್ಲಿ ಏನೂ ಇಲ್ಲ ಬಿಡಿ... ಇದ್ದದ್ದು ಒಳಗೆ. ಟ್ಯೂಬ್‌ಲೈಟ್ ಉರೀತಿದ್ದ ಸಭಾಂಗಣದ ಚಾವಣಿಯಲ್ಲಿ.

ಅವಳ ಕೆಲಸ ಅಲ್ಲಿನ ಕಂಟ್ರೋಲ್ ರೂಮಿನಲ್ಲಿ. ಪ್ರೊಜೆಕ್ಟರು, ಪರದೆ, ಸ್ಪೀಕರು ಎಲ್ಲಕ್ಕೂ ಅಲ್ಲಿಂದಲೇ ಅಪ್ಪಣೆ. ಕಂಪ್ಯೂಟರಿನಿಂದ ಒಂದೊಂದಕ್ಕೂ ಒಂದು ಸೀರಿಯಲ್ ಕೇಬಲ್. ಸೀರಿಯಲ್ ಅಂದ್ರೆ ಸಂಜೆ ಅತ್ತೆ ಸೊಸೆ ಕಿತ್ತಾಡೋದಲ್ಲ, ಒಂಬತ್ತು ಪಿನ್ನಿನ ಕೇಬಲ್. ‘ಡೌನ್’ ಅಂತ ಟೈಪ್ ಮಾಡಿ ಕಳಿಸಿದ್ರೆ ಪ್ರೊಜೆಕ್ಟರ್ ಕೂತಿರೋ ಲಿಫ್ಟು ಚಾವಣಿಯಿಂದ ಝುಂಯ್ ಅಂತ ಇಳಿಯುತ್ತೆ. ‘ಅಪ್’ ಅಂದ್ರೆ ಏರುತ್ತೆ. ಸರಿಯಾಗಿ ಮುಗಿದ್ರೆ ‘ಓಕೆ’ ಅಂತ ಉತ್ತರ ಬರುತ್ತೆ. ದಾರೀಲಿ ಏನಾದ್ರೂ ಅಡ್ಡ ಸಿಕ್ಕಿದ್ರೆ ಅಲ್ಲೇ ನಿಂತು ‘ಎರರ್ ನಾಲ್ಕು’ ಅನ್ನುತ್ತೆ.

ಕೆಲಸ ಕಲಿಸಿದ್ದು ಅವಳ ಸೋದರಮಾವ. ಅಪ್ಪ ಇಲ್ಲದ ಹುಡುಗಿ. ಮಾವನೇ ಕೈ ಹಿಡಿದು ತಂದು ಆ ಕುರ್ಚಿ ಮೇಲೆ ಕೂರಿಸಿದ್ದ. “ಇದು ನಿಮ್ಮತ್ತೆ ಥರ ಅಲ್ಲ ಕಣೇ, ಹೇಳಿದಷ್ಟೇ ಮಾಡುತ್ತೆ” ಅಂತ ನಗ್ತಿದ್ದ.

ಒಂದು ವಾರ ಲಿಫ್ಟಿನ ಸೆನ್ಸರ್ ಕೆಟ್ಟಿತ್ತು. ಅಡ್ಡ ಏನೂ ಇಲ್ದಿದ್ರೂ ಎರರ್ ನಾಲ್ಕು. ಮಾವನೇ ಉಪಾಯ ತೋರಿಸಿದ. ‘ಫೋರ್ಸ್’ ಅಂತ ಕಳಿಸು, ಯಾವ ಅಡ್ಡಿನೂ ಲೆಕ್ಕಿಸದೆ ಏರುತ್ತೆ.

ಆ ಮಧ್ಯಾಹ್ನ ಸಮಾರಂಭಕ್ಕೆ ಇನ್ನು ಹತ್ತೇ ನಿಮಿಷ. ಕೆಳಗೆ ಮೈಕ್ ಪರೀಕ್ಷೆಯ ಅಬ್ಬರ. ಪರೀಕ್ಷೆಗೆ ಇಳಿಸಿದ್ದ ಪ್ರೊಜೆಕ್ಟರನ್ನ ಮತ್ತೆ ಮೇಲಕ್ಕೆ ಸೇರಿಸಬೇಕಿತ್ತು. ಮಾವ ಟೀ ಕುಡಿಯೋಕೆ ಹೋಗಿದ್ದಾನೆ ಅಂದ್ಕೊಂಡಿದ್ದಳು. ಅವನು ಚಾವಣಿಯೊಳಗೆ ತೂರಿ ಅದೇ ಸೆನ್ಸರ್ ಬಿಚ್ಚುತ್ತಿದ್ದ.

‘ಅಪ್’ ಕಳಿಸಿದಳು. ಎರರ್ ನಾಲ್ಕು.

‘ಫೋರ್ಸ್’ ಕಳಿಸಿದಳು.

ಅವಳಿಗೆ ಏನೂ ಕೇಳಿಸಲಿಲ್ಲ... ‘ಓಕೆ’ ಅಂತ ಬಂತು.

ಮೋಟರಿನ ದೋಷ ಅಂತ ಬರೆದು ವಿಚಾರಣೆ ಮುಗಿಸಿದರು. ಏನು ಕಳಿಸಿದೆ ಅಂತ ಯಾರೂ ಕೇಳಲಿಲ್ಲ, ಇವಳೂ ಬಾಯಿ ಬಿಡಲಿಲ್ಲ. ಅತ್ತೆ ಇವಳನ್ನೇ ತಬ್ಬಿಕೊಂಡು ಅತ್ತಳು. “ಕೊನೇ ಗಳಿಗೇಲಿ ನೀನಾದ್ರೂ ಹತ್ತಿರ ಇದ್ದೆಯಲ್ಲ ಮಗಳೇ...”

ಹೊಸ ಮೋಟರು, ಹೊಸ ಸೆನ್ಸರು, ಹೊಸ ಕೇಬಲ್ ಬಂತು. ಮೊದಲ ದಿನ ಎಲ್ಲ ಮುಗಿಸಿ ಇವಳು ‘ಅಪ್’ ಕಳಿಸಿದಳು. ಝುಂಯ್... ಅರ್ಧದಲ್ಲಿ ಟಕ್. ಎರರ್ ನಾಲ್ಕು.

ಮೆಕ್ಯಾನಿಕ್ ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದ. ಧೂಳು ಕೂಡ ಇರಲಿಲ್ಲ. ಇಳಿದು ಬಂದು ತಾನೇ ಕಳಿಸಿದ. ಓಕೆ. ಇಪ್ಪತ್ತು ಸಲ ಕಳಿಸಿದ, ಇಪ್ಪತ್ತು ಸಲವೂ ಓಕೆ. ಇವಳು ಕಳಿಸಿದರೆ... ಟಕ್.

“ಶ್... ಕೇಳ್ತಾ ಇದೆಯಾ?” ಅಂದಳು.

ಮೇಲೆ ಯಾರೋ ಉಗುರಿನಿಂದ ತಗಡು ಕೆರೆದ ಹಾಗೆ. ಕರ್... ಕರ್... ಆಮೇಲೆ ನಿಂತುಹೋಯ್ತು.

“ಇಲಿ ಇರಬೇಕು” ಅಂದ ಮೆಕ್ಯಾನಿಕ್, ಅವನ ದನಿಯೂ ಇಳಿದಿತ್ತು. “ಫೋರ್ಸ್ ಕೊಟ್ಬಿಡಿ ಮೇಡಂ. ಅಲ್ಲಿ ಏನೂ ಇಲ್ಲ.”

“ಬೇಡ.”

“ಯಾಕೆ?”

ಅವಳು ಕೀಬೋರ್ಡ್ ಪಕ್ಕಕ್ಕೆ ತಳ್ಳಿ ದೀಪ ಆರಿಸಿದಳು.

ಹೀಗೇ ಹದಿನೈದು ದಿನ ಕಳೀತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ‘ಅಪ್’ ಬದಲು ಬೇರೇನೋ ಟೈಪ್ ಮಾಡಿದಳು. ‘ಮಾವಾ, ಕಳಿಸಿದ್ದು ನಾನೇ. ನೀನು ಅಲ್ಲಿದ್ದೀಯ ಅಂತ ಗೊತ್ತಿರಲಿಲ್ಲ. ತಪ್ಪಾಯ್ತು.’

ಉತ್ತರ ಬಂತು. ‘ಎರರ್ ಒಂದು.’ ಅಂದ್ರೆ ಅಪ್ಪಣೆ ಅರ್ಥ ಆಗಲಿಲ್ಲ ಅಂತ.

ಮತ್ತೆ ಕಳಿಸಿದಳು. ಎರರ್ ಒಂದು. ಬರೀ ‘ತಪ್ಪಾಯ್ತು’ ಅಂತ ಕಳಿಸಿದಳು. ಎರರ್ ಒಂದು. ಕೊನೆಗೆ ಕಣ್ಣೊರೆಸಿಕೊಂಡು ‘ಅಪ್’ ಅಂದಳು.

ಎರರ್ ನಾಲ್ಕು.

ಬಾವಿ ಕಡೆ ತಿರುಗಿಯೂ ನೋಡದೆ ಬಂದಿದ್ದು ಆ ರಾತ್ರಿಯೇ. ನೆಟ್ಟಗೆ ಹೋದದ್ದು ಅತ್ತೆ ಮನೆಗೆ. ಹೊಸ್ತಿಲಲ್ಲೇ ನಿಂತು ನಡೆದದ್ದೆಲ್ಲ ಹೇಳಿಬಿಟ್ಟಳು. ಹೇಳಿಕೊಂಡ್ರೆ ಮನಸ್ಸು ಹಗುರ ಆಗುತ್ತೆ ಅಂತಾರಲ್ಲ. ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು, ನಿಧಾನಕ್ಕೆ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು... ಖಟ್. ಆ ಬಾಗಿಲು ಇವಳಿಗೆ ಇವತ್ತಿನವರೆಗೂ ತೆರೆದಿಲ್ಲ.

ಮಾರನೇ ಸಂಜೆಯೂ ಎರರ್ ನಾಲ್ಕು. ಅದರ ಮಾರನೇ ಸಂಜೆಯೂ.

ಎರಡು ವರ್ಷ ಅವಳು ಅಲ್ಲೇ ದುಡಿದಳು. ದಿನಾ ಒಂದೇ ಸಲ ‘ಅಪ್’ ಕಳಿಸೋದು, ಲಿಫ್ಟು ಅರ್ಧದಲ್ಲಿ ನೇತಾಡ್ತಿದ್ದ ಹಾಗೇ ದೀಪ ಆರಿಸಿ ಬರೋದು. ಬೇರೆ ಕೆಲಸ ನೋಡ್ಕೋ ಅಂದ್ರೆ, “ನಾನು ಬಿಟ್ಟರೆ ಇನ್ಯಾರೋ ಪೂರ್ತಿ ಏರಿಸಿಬಿಡ್ತಾರೆ” ಅಂತಿದ್ದಳು. ಊಟ ಸೇರ್ತಿರಲಿಲ್ಲ. ಕಡ್ಡಿ ಆಗಿಬಿಟ್ಟಳು.

ಆಮೇಲೆ ಸಭಾಂಗಣಕ್ಕೆ ದೊಡ್ಡ ಟೀವಿ ಗೋಡೆ ಬಂತು. ಲಿಫ್ಟನ್ನ ಬಿಚ್ಚಿ ಗುಜರಿಗೆ ಹಾಕಿದರು. ಪ್ರೊಜೆಕ್ಟರ್ ತೆಗೆದ ಮೇಲೆ ಉಳಿದದ್ದು ಬರೀ ಖಾಲಿ ಚೌಕಟ್ಟು. ತೂಕ ಇಪ್ಪತ್ತಾರು ಕೆ.ಜಿ. ಅಂತ ಅದರ ಮೇಲೇ ಅಚ್ಚಾಗಿತ್ತು. ನಾಲ್ಕು ಜನ ಏದುಸಿರು ಬಿಡುತ್ತಾ ಹೊತ್ತು ತಂದರು. ಗುಜರಿಯವನು ತಕ್ಕಡಿಗೆ ಇಟ್ಟ. ಮುಖ ಸಿಂಡರಿಸಿ, ಇಳಿಸಿ, ತಕ್ಕಡಿ ಒರೆಸಿ, ಮತ್ತೆ ಇಟ್ಟ. ಮೂರು ಸಲ ತೂಗಿದ. ಸುಳ್ಳು ಅನ್ನೋರು ಹೋಗಿ ಅವನನ್ನೇ ಕೇಳಿ, ಇನ್ನೂ ಅದೇ ಅಂಗಡೀಲಿ ಇದ್ದಾನೆ...

ಮೂರು ಸಲವೂ ತೊಂಬತ್ತೊಂದು.