ಹಿಂದಕ್ಕೆ ಓಡುವ ಜಿಂಕೆ

ಇಲ್ಲ ಭಾವ, ಉಳಿ ಕೆಳಗಿಡೋದೇನೂ ಬೇಡ, ಕೆಲಸ ಮಾಡ್ತಾನೇ ಕೇಳಿ. ರಬ್ಬರ್ ಮೊಹರಿನ ಗಿರಾಕಿ ಕಾಯೋದಿಲ್ಲ, ಗೊತ್ತು. ಆದರೆ ಹನ್ನೊಂದು ಗಂಟೆಗೆ ಕಾರ್ ಕಂಪನಿಯವರು ಇದೇ ಅಂಗಡಿಗೆ ಬರ್ತಾರೆ, ಫೋಟೋ ತೆಗೆಯೋನನ್ನೂ ಕರ್ಕೊಂಡು. 'ನಮ್ಮ ಲಾಂಛನದ ಜಿಂಕೆ ಕೆತ್ತಿದ್ದು ನೀವೇನಾ?' ಅಂತ ಕೇಳ್ತಾರೆ. ನೀವು, 'ನಾನಲ್ಲ, ನನ್ನ ಹೆಂಡತಿ ತಮ್ಮ' ಅನ್ನಬೇಕು. ಅಷ್ಟೇ. ಸುಳ್ಳು ಹೇಳಿ ಅಂತಿದೀನಾ? ನಿಜ ಹೇಳಿ ಅಂತಾನೇ ಕಾಲು ಹಿಡೀತಿರೋದು.

ಯಾಕೆ ನಗ್ತೀರಿ?

ಓ, ಈ ಪುಸ್ತಕ ನೋಡಿಯಾ... ನಗಿ ನಗಿ. ಈ ಲಾಂಛನಕ್ಕೆ ನಲವತ್ತು ವರ್ಷ ತುಂಬ್ತು ಅಂತ ಕಂಪನಿಯವರು ಮಾಡಿಸಿದ್ದಾರೆ. ಓದ್ತೀನಿ, ಕೇಳಿ. 'ಕಾರು ಮುಂದಕ್ಕೆ ಸಾಗುವಾಗಲೂ ನಮ್ಮ ಜಿಂಕೆ ಹಿಂದಕ್ಕೆ ಮುಖ ಮಾಡಿರುವುದು ಪರಂಪರೆಯ ಮೇಲಿನ ಗೌರವದ ಸಂಕೇತ. ಸಂಸ್ಥಾಪಕರಿಗೆ ಒಂದು ಮುಂಜಾನೆಯ ಧ್ಯಾನದಲ್ಲಿ ಈ ರೂಪ ಗೋಚರಿಸಿತು.' ಮುಂಜಾನೆಯಂತೆ. ಆ ಯಜಮಾನ ಮಧ್ಯಾಹ್ನದೊಳಗೆ ಹಾಸಿಗೆ ಬಿಟ್ಟು ಎದ್ದದ್ದನ್ನ ನಾವ್ಯಾರಾದ್ರೂ ನೋಡಿದ್ವಾ? 'ಗೊರಸಿನ ಕೆಳಗಿನ ಮೂರು ಗೆರೆಗಳು ಸತ್ಯ, ಶ್ರಮ, ಸೌಂದರ್ಯ.' ಅದು ಉಳಿ ಜಾರಿದ್ದು ಭಾವ. ಮೂರು ಸಲ ಜಾರ್ತು. 'ತುಂಬಿದ ಉದರವು ಸಮೃದ್ಧಿಯ ದ್ಯೋತಕ.' ನಾನು ಕೆತ್ತಿದ ಅಚ್ಚಿನಲ್ಲಿ ಆ ಜಾಗ ಜಾಸ್ತಿ ಆಳ ಹೋಗಿತ್ತು, ಅದಕ್ಕೇ ಕಾರಿಗೆ ಹಾಕೋ ಬಿಲ್ಲೆಯಲ್ಲಿ ಹೊಟ್ಟೆ ಉಬ್ಬಿದ್ದು. ಊರಿಗೆಲ್ಲ ಎಷ್ಟು ಚೆನ್ನಾಗಿ ಕಿವಿ ಮೇಲೆ ಹೂ ಇಟ್ಟಿದ್ದಾರೆ ನೋಡಿ.

ಇನ್ನು ಮುಖ ಹಿಂದಕ್ಕೆ ಹೋದ ಕಥೆ ನಿಮಗೆ ಹೇಳಬೇಕಾ. ನೀವು ಈಗ ಕೆತ್ತುತ್ತಿದೀರಲ್ಲ, ಅಕ್ಷರ ಎಲ್ಲ ತಿರುಗುಮುರುಗಾಗಿ, ಅಚ್ಚನ್ನೂ ಹಾಗೇ ಕೆತ್ತಬೇಕಿತ್ತು. ಒತ್ತಿದಾಗ ಸರಿಯಾಗಿ ಬರುತ್ತೆ. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಕಾಗದದ ಮೇಲೆ ಹೇಗಿತ್ತೋ ಹಾಗೇ ಕೆತ್ತಿಬಿಟ್ಟೆ. ಮುನ್ನೂರು ಬಿಲ್ಲೆ ಒತ್ತಿ, ಮೊದಲನೇದನ್ನ ಡ್ರೈವರ್ ಬಾಗಿಲ ಪಕ್ಕ ಕೂರಿಸಿದ ಮೇಲೇ ಗೊತ್ತಾಗಿದ್ದು, ಕಾರು ಈ ಕಡೆ, ಜಿಂಕೆ ಆ ಕಡೆ. ಅವತ್ತು ಬೈದವರೇ ಎರಡು ವರ್ಷ ಬಿಟ್ಟು, ಯಾರೋ ದೊಡ್ಡ ಮನೆತನದ ಹೆಂಗಸು 'ಆಹಾ, ಎಷ್ಟು ಅರ್ಥ ಇದೆ' ಅಂದಳು ಅಂತ ಅರ್ಥ ಹುಡುಕೋಕೆ ಶುರು ಮಾಡಿದ್ರು. ಆ ಹೊತ್ತಿಗೆ ನಿಮ್ಮನ್ನ... ಹ್ಞೂಂ. ನೀವು ಕೆಲಸ ಬಿಟ್ಟಾಗಿತ್ತು.

ಸರಿ, ಬಿಡಿಸಿದ್ರು. ಬಿಡಿಸಿದ್ರು ಅಂತಲೇ ಅನ್ನೋಣ.

ಈಗ ಕಂಪನಿ ಮ್ಯೂಸಿಯಂ ಗೋಡೆಗೆ ಹಿತ್ತಾಳೆ ಫಲಕ ಹಾಕ್ತಾರೆ, ಕೆತ್ತಿದವನ ಹೆಸರಿಟ್ಟು. ನಮ್ಮ ಬೀದಿಗೆ, ಬೀಗರಿಗೆ, ಕ್ಷೌರದವನಿಗೂ ಸಹ ನಾನೇ ಅಂತ ಹೇಳ್ಕೊಂಡು ಬಂದಿದೀನಿ. ಕೋಟು ಹೊಲಿಸಿದೀನಿ. ಈಗ ನೋಡಿದ್ರೆ, ಯಾರು ಯಾವ ಕೆಲಸ ಕೆಡಿಸಿದ್ರು ಅಂತ ಬರೆದಿಡೋ ಕಾರ್ಖಾನೆಯ ಹಳೇ ದಾಖಲೆ ಪುಸ್ತಕ ಎಲ್ಲಿಂದಲೋ ಹೊರಗೆ ಬಂದಿದೆ. ಅದರಲ್ಲಿ ಜಿಂಕೆ ಕೆತ್ತಿದವರು ಅಂತ ನಿಮ್ಮ ಹೆಸರು ಇದೆಯಂತೆ. ಬೀಗರ ಎದುರು ನಾನು ತಲೆ ಎತ್ತೋದು ಹೇಗೆ ಭಾವ? ಯಾರೋ ಗುಮಾಸ್ತ ತಪ್ಪು ಬರೆದ ಅಂತ ಒಂದು ಮಾತು ಹೇಳಿ. ನಂಬ್ತಾರೆ. ತಿರುಗಿಸೋದು ಮರೆಯೋ ಕೈಯಾ ನಿಮ್ಮದು?

ಯಾಕೆ ಹಾಗೆ ನೋಡ್ತೀರಿ... ಗುಮಾಸ್ತನೇ ಇರಬೇಕು. ಅಥವಾ ಮೇಸ್ತ್ರಿ. ಮೇಜು ನಿಮ್ಮದು, ಉಳಿ ನಿಮ್ಮದು, ನೋಡಿ ನಿಮ್ಮದೇ ಕೆಲಸ ಅಂದ್ಕೊಂಡ. ನೀವು ಆ ಮೂರು ದಿನ ಆಸ್ಪತ್ರೆಯಲ್ಲಿದ್ರಿ, ಅಕ್ಕನ ಹೆರಿಗೆ ಅಂತ. ಅವತ್ತೇ ಹೇಳಿದೆನಲ್ಲ ನಿಮಗೆ, ಅಕ್ಕನ ಮುಂದೇನೇ, 'ಕೆತ್ತಿದ್ದು ನಾನೇ ಅಂತ ಮೇಸ್ತ್ರಿಗೆ ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ' ಅಂತ.

ಉಳಿ ಯಾಕೆ ಕೆಳಗಿಟ್ರಿ ಭಾವ?

ಆಯ್ತು. ಮೇಸ್ತ್ರಿ ಕೇಳಿದ, 'ಯಾರ ಕೆಲಸ ಇದು?' ಅಂತ. ಎಲ್ಲರೂ ಸುತ್ತ ನಿಂತಿದ್ರು. 'ಭಾವಂದು' ಅಂದೆ. ಬಾಯಿಂದ ಬಂದುಬಿಡ್ತು. ಹಳೇ ಕೆಲಸಗಾರರು, ನಿಮ್ಮನ್ನ ಬೈದು ಬಿಟ್ಟುಬಿಡ್ತಾರೆ, ನನ್ನನ್ನಾದ್ರೆ ಮನೆಗೆ ಕಳಿಸ್ತಾರೆ ಅಂತ... ಹಾಗಂತ ಲೆಕ್ಕ ಹಾಕಿದೆ. ಅವನು ಬರೆದ. ಕೆಳಗೆ ಸಾಕ್ಷಿ ಅಂತ ನನ್ನ ಸಹಿ ತಗೊಂಡ. ಆ ಸಹಿ ಇವತ್ತಿಗೂ ಅಲ್ಲಿದೆ, ನಿಮ್ಮ ಹೆಸರಿನ ಕೆಳಗೆ. ಬರ್ತಾ ಇರೋವ್ರು ಅದನ್ನೂ ನೋಡಿರ್ತಾರೆ. ನೀವು ಹೊಟ್ಟೆಗೆ ಹಾಕ್ಕೊಂಡ್ರೆ ನಾನು ಉಳ್ಕೋತೀನಿ.

ಬೈರಿ. ಕೈಯಲ್ಲಿರೋದನ್ನ ಎಸೀರಿ ನನ್ನ ಮೇಲೆ. ನಾಚಿಕೆ ಆಗ್ತಿದೆ ನನಗೆ, ನಿಜವಾಗಿ ಆಗ್ತಿದೆ... ಇದೇನು, ಮತ್ತೆ ಮೊಹರು ಕೆತ್ತೋಕೆ ಕೂತ್ರಲ್ಲ? ಇಷ್ಟು ಹೇಳಿದ್ರೂ ನಿಮಗೆ ಆಶ್ಚರ್ಯಾನೇ ಆಗಲಿಲ್ವಾ?

ಭಾವ... ನಿಮಗೆ ಗೊತ್ತಿತ್ತಾ?

ಮೇಸ್ತ್ರಿ ಹೇಳಿದ್ನಾ? ಕೆಲಸ ಹೋದ ಮೇಲೆ ನಿಮ್ಮ ಸಾಮಾನು ತರೋಕೆ ಅಂತ ಕಾರ್ಖಾನೆಗೆ ಹೋದ್ರಲ್ಲ, ಅವತ್ತೇ? ಮತ್ತೆ ಯಾಕೆ ಒಂದು ಮಾತೂ... ಹೇಳಿದ್ರೆ ನನ್ನನ್ನ ಓಡಿಸ್ತಾರೆ ಅಂತಾನಾ? ಹಸುಗೂಸು ಕಟ್ಟಿಕೊಂಡು ಮನೆ ಮನೆ ಬಾಗಿಲಿಗೆ ಹೆಸರಿನ ಫಲಕ ಬೇಕಾ ಅಂತ ಕೇಳ್ಕೊಂಡು ತಿರುಗಿದ್ರಲ್ಲ, ಅಕ್ಕ ಅಂಗಿಗೆ ಗುಂಡಿ ಹೊಲಿದು ಕಣ್ಣು ಕೆಡಿಸ್ಕೊಂಡಳಲ್ಲ, ಆಗಲೂ?

ಅಕ್ಕನಿಗೆ ಹೇಳಿಲ್ಲ ತಾನೆ?

ಹೇಳಿಲ್ಲ ಅಂತ ತಲೆ ಆಡಿಸಿ ಭಾವ, ಸಾಕು. ಆಮೇಲೆ ಕಂಪನಿಯವರ ಹತ್ರ ನೀವೇ ಕೆತ್ತಿದ್ದು ಅಂತ ಬೇಕಾದ್ರೂ ಹೇಳ್ಕೊಳ್ಳಿ, ಫಲಕ ನೀವೇ ಇಟ್ಕೊಳ್ಳಿ. ಇಲ್ಲಿ ನೋಡಿ ಭಾವ. ಮುಖ ಎತ್ತಿ.

ಪ್ರತಿ ಭಾನುವಾರ ನಿಮ್ಮನೆಗೆ ಊಟಕ್ಕೆ ಬರ್ತಾ ಇದೀನಲ್ಲ ನಾನು, ನಲವತ್ತು ವರ್ಷ... ಅಕ್ಕ ಮೊದಲ ತಟ್ಟೆ ನನಗೇ ಬಡಿಸ್ತಾಳಲ್ಲ. ಎಲ್ಲ ಗೊತ್ತಿದ್ದೂ, 'ಇನ್ನೊಂಚೂರು ಹಾಕ್ಕೋ, ಸೊರಗಿದೀಯ' ಅಂತಿದ್ಲಾ ಭಾವ?