ಬೋಳು ಗೋಡೆಯ ಮುಂದೆ ಕರಿ ಡೇರೆ

...ಮೆಟ್ಟಿಲು ಮುಗೀತು ಕಣೇ, ಇನ್ನು ಸಮನೆಲ. ಬಾ, ಕುರ್ಚಿ ಇಲ್ಲೇ ಇದೆ. ಕೂತ್ಯಾ? ಈಗ ನೇರ ನೋಡು. ಹಿತ್ತಿಲ ಗೋಡೆ, ನಿನ್ನ ಡೇರೆ ಹೂವಿನ ಗೋಡೆ! ಯಾಕೆ ನಗ್ತೀಯಾ? ಊರವರ ಮನೆಗೆಲ್ಲ ಬಣ್ಣ ಬಳಿಯೋನಿಗೆ ತನ್ನ ಮನೆ ಗೋಡೆ ಕಾಣೋಕೆ ಹೆಂಡ್ತಿ ಕಣ್ಣು ಮಂಜಾಗ್ಬೇಕಾಯ್ತು ಅಂತಾನಾ? ನಗು, ನಗು. ಮಾತು ನಿಜಾನೇ.

ಆವತ್ತು ನರ್ಸರೀಲಿ ಎಷ್ಟು ಸತಾಯಿಸಿದೆ ನೀನು! ನಾನು ಹಳದಿ ಸೇವಂತಿಗೆ ಎತ್ಕೊಂಡ್ರೆ, "ಬೇಡ ರೀ, ಹೊಗೆ ಥರ ಕಾಣುತ್ತೆ" ಅಂದೆ. ತಿಳಿ ಗುಲಾಬಿ ತೋರಿಸಿದ್ರೆ ಅದೂ ಹೊಗೆ. ಆಮೇಲೆ ಮೂಲೇಲಿದ್ದ ಆ ಡೇರೆ ಮುಂದೆ ನಿಂತ್ಬಿಟ್ಟೆ. ಕಪ್ಪೋ ಕೆಂಪೋ ಗೊತ್ತಾಗದ ಬಣ್ಣ. "ಇದು ಕಾಣುತ್ತೆ ರೀ... ಎಸಳೂ ಕಾಣುತ್ತೆ" ಅಂದ್ಯಲ್ಲ, ನಿನ್ನ ಮುಖ ನೋಡ್ಬೇಕಿತ್ತು. ನರ್ಸರಿಯವನು ಏನಂದ? "ಕಡು ಬಣ್ಣದ ಹೂವು ಗಿಡಗಳ ನಡುವೆ ಇಟ್ರೆ ಕತ್ತಲೆಗೆ ಕತ್ತಲೆ ಸೇರಿಸಿದ ಹಾಗೆ. ಹಿಂದೆ ಬಿಳಿ ಇರ್ಲಿ" ಅಂದ. ಅವತ್ತು ಸಂಜೇನೇ ನಾನು ಸುಣ್ಣ ಕಲಸ್ಕೊಂಡು ಕೂತೆ.

ನಮ್ಮಕ್ಕ ಬಂದು "ಮನೆಗೆ ಯಾರಾದ್ರೂ ಕಪ್ಪು ಹೂವು ತರ್ತಾರೇನೋ!" ಅಂತ ರಂಪ ಮಾಡಿದ್ಲಲ್ಲ. ನೀನು ಮೆಲ್ಲಗೆ, "ಅತ್ತಿಗೆ, ನೀವು ತಲೆಗೆ ಹಚ್ಕೊಳ್ಳೋದು ಮತ್ತೆ ಯಾವ ಬಣ್ಣ?" ಅಂದೆ. ಅಯ್ಯೋ... ನಾನು ಬಚ್ಚಲಿಗೆ ಹೋಗಿ ನಕ್ಕೆ!

ಮೊದಲ ಗೆಡ್ಡೆ ನಾನೇ ಕೊಳೆಸಿದ್ದು, ಒಪ್ತೀನಿ. ಪ್ರೀತಿ ಜಾಸ್ತಿಯಾಗಿ ನೀರು ಸುರಿದೆ. ಎರಡನೇ ಸಲದ್ದು ಬಿಸಿಲಿಗೆ ಸುಟ್ಟು ಕಂದುಹೋಯ್ತು. ನೀನೇ ಹೊಲಿಗೆ ಮಿಷನ್ ಮುಂದೆ ಕೂತು, ಉಳಿದ ಬಟ್ಟೆ ತುಂಡೆಲ್ಲ ಜೋಡಿಸಿ ಮಧ್ಯಾಹ್ನದ ಬಿಸಿಲಿಗೆ ಮರೆ ಹೊಲಿದೆ. ಪಕ್ಕದ ಮೊಗ್ಗು ಚಿವುಟಿದ್ರೆ ತುದೀದು ದೊಡ್ಡದಾಗುತ್ತೆ ಅಂತ ನರ್ಸರಿಯವನು ಹೇಳಿದ್ರೂ ನಂಗೆ ಕೈಯೇ ಬರ್ಲಿಲ್ಲ. ನೀನು ದಾರ ಕಿತ್ತ ಹಾಗೆ ಪಟಪಟ ಚಿವುಟಿದೆ.

ಏನು? ಡಾಕ್ಟರಾ? ನಿನ್ನೇನೇ ಹೇಳಿದ್ನಲ್ಲ, ಏನಿಲ್ಲ ಅಂತ. ಕಣ್ಣಿಗೆ ಬಿಡೋ ಔಷಧಿ ಬದಲಾಯಿಸಿದ್ರು, ಅಷ್ಟೇ. ನಿನ್ನ ಹೊರಗೆ ಕೂರಿಸಿ ಅಷ್ಟೊತ್ತು ಒಳಗೇನು ಅಂತಾನಾ? ಅದು... ಅವರಿಗೆ ಯಾರದೋ ಫೋನ್ ಬಂತು. ಬಿಡೇ, ಅದೇ ಹಿಡ್ಕೊಂಡು ಕೂತ್ಕೋಬೇಡ.

ಇಲ್ಲಿ ನೋಡು. ದಿನಾ ಬೆಳಗ್ಗೆ ಹೇಳ್ತೀಯಲ್ಲ, ಹಾಗೇ ಹೇಳು. ಇವತ್ತು ಯಾವ ಕುಂಡದಲ್ಲಿ ಅರಳಿದೆ?

ಮಧ್ಯದ್ರಲ್ಲಾ... ಎರಡಾ? ಒಂದು ಪೂರ್ತಿ, ಇನ್ನೊಂದು ಅರ್ಧ.

ಹೂಂ. ಸರಿ. ಸರಿಯಾಗೇ ಹೇಳ್ದೆ. ಗೋಡೆ ಮೇಲೆ ಹೇಗೆ ಕಾಣ್ತಿದೆ? ಎದ್ದು ಕಾಣ್ತಿದ್ಯಾ?... ಚೆನ್ನಾಗಿ ಕಾಣ್ತಿದ್ಯಾ...

ಇಲ್ಲ ಕಣೇ, ಅಳ್ತಿಲ್ಲ. ಯಾಕೆ ಏಳ್ತೀಯಾ? ಬೇಡ. ಕೂತ್ಕೋ ಅಂದ್ನಲ್ಲ! ಮುಂದೆ ಹೋಗ್ಬೇಡ... ಅಲ್ಲಿ ಕೈಯಾಡಿಸ್ಬೇಡ್ವೇ...

ಇಲ್ಲ. ಕುಂಡಗಳಿಲ್ಲ ಅಲ್ಲಿ. ನೀನು ಸ್ನಾನಕ್ಕೆ ಹೋದಾಗ ಮೂರನ್ನೂ ಅಡುಗೆಮನೆಗೆ ಎತ್ತಿಟ್ಟೆ. ಅದು ಬರೀ ಗೋಡೆ.

ಹಾಗೆ ನಿಂತ್ಕೋಬೇಡ. ಬಾ, ಕೂತ್ಕೋ. ಡಾಕ್ಟರು... ಇನ್ನು ಆಪರೇಷನ್ನಿಂದಲೂ ಪ್ರಯೋಜನ ಇಲ್ಲ ಅಂದ್ರು. "ಬೆಳಕು ಯಾವ ಕಡೆ ಇದೆ ಅನ್ನೋದು ಬಿಟ್ರೆ ಅವರಿಗೆ ಏನೂ ಕಾಣಲ್ಲ" ಅಂದ್ರು. ನಾನು ಜಗಳ ಆಡ್ದೆ ಕಣೇ! "ನನ್ನ ಹೆಂಡ್ತಿ ದಿನಾ ಬೆಳಗ್ಗೆ ಹೂವು ಎಣಿಸಿ ಹೇಳ್ತಾಳೆ, ನಿಮಗೇನು ಗೊತ್ತು" ಅಂತ ರೇಗಾಡ್ದೆ. ಅದಕ್ಕೇ ಇವತ್ತು... "ತಲೆ ಕೆಟ್ಟಿದ್ಯಾ ರೀ, ಬೋಳು ಗೋಡೆ ತೋರಿಸಿ ಹೂವು ಅಂತೀರಲ್ಲ" ಅಂತ ನೀನು ಬೈತೀಯಾ, ಆ ಬೈಗುಳಾನ ಹೋಗಿ ಅವರಿಗೆ ಹೇಳ್ತೀನಿ ಅಂದ್ಕೊಂಡಿದ್ದೆ. ನೀನು ಚೆನ್ನಾಗಿ ಕಾಣ್ತಿದೆ ಅಂದ್ಬಿಟ್ಟೆ.

ಆದ್ರೆ... ಮಧ್ಯದ ಕುಂಡ, ಒಂದೂವರೆ ಹೂವು, ಅದು ನಿಜ. ನಾನೇ ಎತ್ತಿಟ್ಟಿದ್ದು. ನಿಂಗೆ ಹೇಗೆ... ನಾನು ಏಳೋ ಮುಂಚೆ ಬರ್ತಿದ್ಯಾ? ಒಬ್ಬಳೇ ಗೋಡೆ ಹಿಡ್ಕೊಂಡು ಬಂದು, ಮುಟ್ಟಿ ಮುಟ್ಟಿ ನೋಡ್ತಿದ್ಯಾ?

ಯಾವಾಗಿಂದ? ಯಾವಾಗಿಂದ ಕಣೇ?

ನಂಗೋಸ್ಕರಾನಾ... ಇಷ್ಟು ದಿನ?

ಇರು, ಕುಂಡ ತಂದು ಇಲ್ಲೇ ಇಡ್ತೀನಿ. ಕೈ ಬಿಡು, ಈಗ ಬಂದೆ. ಬಿಡಲ್ವಾ? ಸರಿ. ಸರಿ, ಹೋಗಲ್ಲ. ಸ್ವಲ್ಪ ಸರಿ ಆಕಡೆ... ನಾನೂ ಕೂತ್ಕೋತೀನಿ.